ಸಿನೆಮಾಕ್ಕೆ ಬೇಕಾದ ಎರಡನೇ ಗೆರೆ

ವಿಜೇತಾಳಿಗೆ ಒಂದು ಹುಚ್ಚಿತ್ತು. ಸಿನೆಮಾದಲ್ಲಿ ಎಲ್ಲವೂ ಖರೇ ಇರಬೇಕು. ಬುಟ್ಟಿ ಖರೇ, ಬುಟ್ಟಿಯೊಳಗಿನ ಬಂಗಡೆ ಖರೇ, ಬಂಗಡೆಯ ಮೇಲೆ ಕೂರುವ ನೊಣ ಕೂಡ ಖರೇ. ಕಾರವಾರದ ಕೋಡಿಬಾಗದ ಹುಡುಗಿ, ಕಾಲೇಜಿನಲ್ಲಿ ಪಾಠ ಹೇಳುವವಳು, ಜನವರಿಯಲ್ಲಿ ಮೂರು ದಿನ ರಜೆ ಹಾಕಿ ಕ್ಯಾಮೆರಾದ ಕುಮಾರನನ್ನೂ ನಟಿ ಭವ್ಯಾಳನ್ನೂ ಕಟ್ಟಿಕೊಂಡು ಹಾರವಾಡದ ಗೋದಾವರಿಯ ಅಂಗಳಕ್ಕೆ ಬಂದಿಳಿದಳು. ಇಪ್ಪತ್ತು ನಿಮಿಷದ ಕಿರುಚಿತ್ರ. ನಲವತ್ತು ದಾಟಿದ ಮೀನು ಮಾರುವ ಹೆಂಗಸು, ಮಕ್ಕಳ ಆಸೆ ಬಿಟ್ಟು ಎಷ್ಟೋ ವರ್ಷವಾದ ಮೇಲೆ ತಾನು ಬಸುರಿ ಎಂದು ತಿಳಿದು, ಇಟ್ಟುಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಾಳೆ. ಕತೆ ಅಂದರೆ ಅಷ್ಟೇ.

ಈ ಹೆಂಗಸನ್ನು ವಿಜೇತಾ ಎಲ್ಲಿಂದ ತಂದಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಬೊಬ್ರುವಾಡದಲ್ಲಿರುವ ಅವಳ ಚಿಕ್ಕಮ್ಮನ ಮನೆಗೆ ಹತ್ತು ವರ್ಷದಿಂದ ಮೀನು ಕೊಡುತ್ತಿದ್ದವಳು ಗೋದಾವರಿಯೇ. ಮದುವೆಯಾಗಿ ಇಪ್ಪತ್ತೊಂದು ವರ್ಷ, ವಯಸ್ಸು ನಲವತ್ತೊಂದು, ಮಕ್ಕಳಿಲ್ಲ. ಚೌಕಾಸಿಗೆ ಬಂದವರನ್ನು ನಗಿಸಿಯೇ ಸೋಲಿಸುವ ನಾಲಿಗೆ. ಕತೆ ಹುಟ್ಟಿದ್ದು ನಿನ್ನನ್ನು ನೋಡಿಯೇ ಎಂದು ಹೇಳುವ ಧೈರ್ಯ ವಿಜೇತಾಳಿಗೆ ಇರಲಿಲ್ಲ. ಗೋದಾವರಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ, ಅವಳೇನು ಬೆರಳು ಚೀಪುವ ಕೂಸೇ? "ನನ್ನ ಮನೆ, ನನ್ನ ಬುಟ್ಟಿ, ನನ್ನ ಮೆಟ್ಟುಗತ್ತಿ. ಮೋರೆ ಒಂದು ಮಾತ್ರ ಈ ಹುಡುಗಿದು," ಎಂದು ಭವ್ಯಾಳ ಕೆನ್ನೆ ಚಿವುಟಿ ಒಪ್ಪಿಕೊಂಡಿದ್ದಳು.

ಗೋದಾವರಿಯ ಕೆಲಸ, ಭವ್ಯಾಳಿಗೆ ಮೀನುಗಾರ್ತಿಯಾಗುವುದನ್ನು ಕಲಿಸುವುದು. ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಹೊತ್ತು ನಡೆ ಎಂದರೆ ಭವ್ಯಾ ದೇವರ ಕಳಶ ಹೊತ್ತವಳ ಹಾಗೆ ಕತ್ತು ನೆಟ್ಟಗೆ ಮಾಡಿ ಹೆಜ್ಜೆ ಎಣಿಸುತ್ತಿದ್ದಳು.

"ಅಯ್ಯೋ ತಂಗೀ, ಹಾಂಗೆ ನಡದ್ರೆ ನೀ ಅಂಕೋಲೆ ಪೇಟೆ ಮುಟ್ಟೂದ್ರೊಳಗೆ ಮೀನು ನಾತ ಹೊಡೀತದೆ. ಸೊಂಟ ಬಿಡು, ಸೊಂಟ! ಅದೆಂತ ಅಡವು ಇಟ್ಟದ್ದಾ?"

ಮೊದಲ ದಿನ ಮಧ್ಯಾಹ್ನ ಕಿಟ್ಟಿನ ದೃಶ್ಯ ಬಂತು. ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಬಸುರಿ ಹೌದೋ ಅಲ್ಲವೋ ನೋಡುವ ಪಟ್ಟಿ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಹೌದು. ವಿಜೇತಾ ನಾಲ್ಕು ಪೊಟ್ಟಣ ತಂದಿದ್ದಳು. ನೀರು ಬಿಟ್ಟರೂ ಒಂದು ಗೆರೆ ಬರುತ್ತದೆ, ಎರಡನೆಯದನ್ನು ಕೆಂಪು ಪೆನ್ನಿನಲ್ಲಿ ಎಳೆದರಾಯಿತು ಎಂದು ಕುಮಾರ ಹೇಳಿ ನೋಡಿದ. ಎಳೆದೂ ತೋರಿಸಿದ. ಕ್ಯಾಮೆರಾ ಹತ್ತಿರ ಒಯ್ದರೆ ಅದು ಶಾಲೆಯ ಮಕ್ಕಳ ನೋಟುಪುಸ್ತಕದ ಮಾರ್ಜಿನಿನ ಹಾಗೆ ಕಂಡಿತು.

"ನೀರು ಬೇಡ," ಎಂದಳು ವಿಜೇತಾ. "ಮೊದಲ ಗೆರೆಯಾದರೂ ಖರೇದ್ದು ಬರಲಿ. ಭವ್ಯಾ, ನೀನೇ ಹೋಗಿ ಬಾ."

ಭವ್ಯಾ ಸುತರಾಂ ಒಪ್ಪಲಿಲ್ಲ. ಅವಳಿಗೆ ಮದುವೆ ಗೊತ್ತಾಗಿತ್ತು. ಯಾರಾದರೂ ಫೋಟೊ ತೆಗೆದು ಎಲ್ಲಾದರೂ ಹಾಕಿದರೆ ಹುಡುಗನ ಮನೆಯವರಿಗೆ ಸಿನೆಮಾ ಯಾವುದು, ಸಂಸಾರ ಯಾವುದು ಎಂದು ತಿಳಿಸಿ ಹೇಳುವವರು ಯಾರು? ವಿಜೇತಾ ತಾನೇ ಹೋಗಲು ಎದ್ದಳು. ಅಷ್ಟರಲ್ಲಿ ಮೀನು ತೊಳೆಯುತ್ತಿದ್ದ ಗೋದಾವರಿ ಕೈ ಒರೆಸಿಕೊಂಡು ಬಂದು, "ಕೊಡು ಇಲ್ಲಿ. ಒಂದೇ ಗೆರೆ ಬೇಕಲ್ವಾ ನಿಮಗೆ? ಈ ಹೊಟ್ಟೆ ಕತೆ ಹಾರವಾಡಕ್ಕೇ ಗೊತ್ತದೆ," ಎಂದು ಪಟ್ಟಿ ಕಸಿದುಕೊಂಡು ಹಿತ್ತಲಿಗೆ ಹೋದಳು.

ಬಂದು ಕಿಟಕಿಯ ದಂಡೆಯ ಮೇಲೆ ಇಟ್ಟಳು. ನಾಲ್ಕೂ ತಲೆಗಳು ಬಗ್ಗಿದವು. ಒಂದು ಗೆರೆ ಮೂಡಿತು. ಕುಮಾರ ಪೆನ್ನಿನ ಮುಚ್ಚಳ ತೆಗೆದ. ಅವನು ಪೆನ್ನು ಊರುವ ಮೊದಲೇ ಪಕ್ಕದಲ್ಲಿ ಇನ್ನೊಂದು ಗೆರೆ, ಮೊದಲು ತೆಳ್ಳಗೆ, ಆಮೇಲೆ ದಟ್ಟವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ನಿಂತಿತು.

ವಿಜೇತಾ ಮೆಲ್ಲಗೆ ತಲೆಯೆತ್ತಿ ಗೋದಾವರಿಯ ಮುಖ ನೋಡಿದಳು. ಗೋದಾವರಿ ಗಹಗಹಿಸಿ ನಕ್ಕಳು. "ತಥ್! ಖರಾಬು ಮಾಲು ತಂದೀಯಲ್ಲೇ ಮಾರಾಯ್ತಿ! ಮೀನನ್ನಾದ್ರೆ ಮೂಸಿ ನೋಡಿ ತಕಣ್ತೀರಿ, ಇದನ್ನ ನೋಡ್ದೇ ತಂದದ್ದಾ?"

ಅವಳು ನಕ್ಕ ಮೇಲೆ ಎಲ್ಲರೂ ನಕ್ಕರು. ಖರಾಬಾದರೂ ಲಾಭವೇ ಆಯಿತೆಂದು ಕುಮಾರ ಗಡಿಬಿಡಿಯಲ್ಲಿ ಚಿತ್ರ ತೆಗೆದ. ಗೋದಾವರಿ ಮತ್ತೆ ಹೋಗಿ ಮೀನಿನ ಮುಂದೆ ಕೂತಳು. ತೊಳೆದ ಬಂಗಡೆಯನ್ನೇ ಮೂರು ಸಲ ತೊಳೆದಳು.

ಮುಟ್ಟು ನಿಂತು ಎರಡು ತಿಂಗಳ ಮೇಲಾಗಿತ್ತು. ವಯಸ್ಸಾಯಿತು, ಮುಗಿಯಿತು, ಇನ್ನು ಹಾಯಾಗಿರಬಹುದು ಎಂದುಕೊಂಡಿದ್ದಳು. ಮರುದಿನ ಬೆಳಿಗ್ಗೆ, ಜನ್ಮದಲ್ಲಿ ಒಂದು ತಾರ್ಲೆ ಮೀನನ್ನೂ ಕದಿಯದ ಗೋದಾವರಿ, ವಿಜೇತಾಳ ಚೀಲದಿಂದ ಇನ್ನೊಂದು ಪೊಟ್ಟಣ ಕದ್ದಳು. ಮತ್ತೆ ಎರಡು ಗೆರೆ. ಬಚ್ಚಲ ಗೋಡೆಗೆ ಒರಗಿ ನಿಂತಳು. ಸಂತೋಷವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಆದದ್ದು ಭಯ.

ಯಾಕೆಂದು ತಿಳಿಯಬೇಕಾದರೆ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ಮದುವೆಯಾಗಿ ಏಳು ವರ್ಷವಾದರೂ ಮಡಿಲು ತುಂಬದಿದ್ದಾಗ ಅತ್ತೆ ತನ್ನ ಮಗ, ಗೋದಾವರಿಯ ಗಂಡ ಕುಪ್ಪನಿಗೆ ಎರಡನೇ ಹೆಣ್ಣು ನೋಡತೊಡಗಿದ್ದಳು. ಅದಕ್ಕೂ ಮೊದಲು ಒಮ್ಮೆ ಇಬ್ಬರೂ ತಪಾಸಣೆ ಮಾಡಿಸಿಕೊಳ್ಳಲಿ ಎಂದು ಯಾರೋ ಬುದ್ಧಿ ಹೇಳಿದರು. ಕಾರವಾರದ ಒಂದು ದವಾಖಾನೆಗೆ ಹೋಗಿ ಪರೀಕ್ಷೆಗೆ ಕೊಡಬೇಕಾದ್ದೆಲ್ಲ ಕೊಟ್ಟು ಬಂದರು. ವಾರ ಬಿಟ್ಟು ರಿಪೋರ್ಟು ತರಲು ಕುಪ್ಪ ಒಬ್ಬನೇ ಹೋದ. ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಬಂದು ಹೊಸಿಲಲ್ಲಿ ಕೂತು, "ಊಣ ನಂದೇ ಅಂತೆ ಗೋದಾ, ನನ್ನಿಂದ್ಲೇ ಮಕ್ಕಳಾಗೂದಿಲ್ಲ ಅಂತೆ. ಕಾಗದ ಅಲ್ಲೇ ಹರಿದು ಒಗದೆ," ಎಂದ. ಅಷ್ಟಕ್ಕೇ ಬಿಡಲಿಲ್ಲ. ಜಾತಿಯ ನ್ಯಾಯ ಹೇಳುವ ಹಿರಿಯರು ಎರಡನೇ ಮದುವೆಯ ಮಾತಿಗೆ ದೇವಸ್ಥಾನದ ಕಟ್ಟೆಯ ಮೇಲೆ ಕೂತಾಗ, ನಾಲ್ಕು ಜನರ ಮುಂದೆ ಎದ್ದು ನಿಂತು ಅದನ್ನೇ ಹೇಳಿದ.

ಗಂಡಸಾದವನು ಹಾಗೆ ಹೇಳುವುದೆಂದರೆ ಸಣ್ಣ ಮಾತೇ? ಊರ ಬಾಯಿಗೆ ಮುಚ್ಚಳವಿಲ್ಲ. ಬೇಲೆಕೇರಿಯ ಬಂದರದಲ್ಲಿ ಅವನ ಎದುರೇ ಹಾಸ್ಯ ಮಾಡಿದರು. ಹೊಸ ದೋಣಿ ನೀರಿಗಿಳಿಸುವಾಗ ಕಾಯಿ ಒಡೆಯಲು ಅವನ ಕೈಗೆ ಯಾರೂ ಕೊಡಲಿಲ್ಲ. ಗೋದಾವರಿಯನ್ನು ಮಾತ್ರ ಒಬ್ಬರೂ ಬಂಜೆ ಎನ್ನಲಿಲ್ಲ. ಬಯಕೆಯ ಊಟಕ್ಕೆ ಕರೆದರು, ಆರತಿ ಎತ್ತಲು ಕರೆದರು, ಹೆಸರಿಡುವ ದಿನ ಕೂಸನ್ನು ಮೊದಲು ಅವಳ ಮಡಿಲಿಗೇ ಹಾಕಿದರು. ಪಾಪ, ಅವಳದ್ದೇನು ತಪ್ಪು ಎಂದರು.

ಈಗ ಆ ಊರಿಗೆ ಅವಳು ಯಾವ ಮೋರೆ ಇಟ್ಟುಕೊಂಡು ಹೊಟ್ಟೆ ತೋರಿಸಬೇಕು? ಊರು ಹಾಳಾಗಲಿ, ಕುಪ್ಪನಿಗೆ ಏನು ಹೇಳಬೇಕು? ತನ್ನಿಂದ ಮಕ್ಕಳಾಗವು ಎಂದು ಕಾಗದ ಓದಿ ಬಂದ ಗಂಡಸು. ತಾನು ಪರಪುರುಷನ ನೆರಳು ಮೆಟ್ಟಿದವಳಲ್ಲ ಎಂದು ಅವಳಿಗೆ ಗೊತ್ತು. ಆ ಕಾಗದವೇ ತಪ್ಪಿದ್ದಿರಬೇಕು. ಆದರೆ ಅದನ್ನು ಅವನು ನಂಬಬೇಕಲ್ಲ? ನಂಬದೆ ಹೋದರೆ ಇಪ್ಪತ್ತೊಂದು ವರ್ಷದ ಸಂಸಾರ ಒಂದು ಮಾತಿಗೆ ಮುಗಿದುಹೋಗುತ್ತದೆ.

ಎರಡನೇ ದಿನ ಕಡಲ ದಂಡೆಯಲ್ಲಿ ಚಿತ್ರೀಕರಣ. ಭವ್ಯಾ ಮರಳಿನ ಮೇಲೆ ಮೊಣಕಾಲು ಅಪ್ಪಿ ಕೂತು ತೆರೆಗಳನ್ನು ನೋಡುತ್ತ ಯೋಚಿಸಬೇಕಿತ್ತು. ಅರ್ಧ ಗಂಟೆ ಯೋಚಿಸಿದಳು. ನೆರಳಲ್ಲಿ ಕೂತು ಮನೆಯ ಅಡಿಗೆಗೆ ಮೀನು ಹೆರೆಯುತ್ತಿದ್ದ ಗೋದಾವರಿಗೆ ತಡೆಯಲಾಗಲಿಲ್ಲ.

"ಎಂತ ಮಾಡ್ತಿದ್ದಾಳೆ ಅವಳು?"

"ವಿಚಾರ ಮಾಡ್ತಿದ್ದಾಳೆ ಗೋದಕ್ಕಾ," ಎಂದಳು ವಿಜೇತಾ.

"ಸಮುದ್ರ ನೋಡ್ಕಂಡಾ? ನಮ್ಮಲ್ಲಿ ಯಾವ ಹೆಂಗಸು ಹಾಂಗೆ ಕೂತದ್ದನ್ನ ನೀ ಕಂಡೀಯೇ? ಹಾಂಗೆ ಕೂತ್ರೆ ಮನೆಯವರು ಭೂತ ಹಿಡದದೆ ಅಂತ ಮಂತ್ರದ ಚೀಟಿ ಕಟ್ಸೂಕೆ ಕರ್ಕಂಡು ಹೋಗ್ತಾರೆ."

"ಹಾಗಾದ್ರೆ ಎಲ್ಲಿ ಕೂತು ವಿಚಾರ ಮಾಡ್ತಾಳೆ, ನೀವೇ ಹೇಳಿ."

"ಕೂತು ಮಾಡೂದಲ್ಲ ಅದು. ಕೈ ಕೆಲಸ ಮಾಡ್ತಿರ್ತದೆ, ಅದು ಒಳಗೆ ತನ್ನಷ್ಟಕ್ಕೆ ಬೇಯ್ತಾ ಇರ್ತದೆ. ಮೀನು ಹೆರೂವಾಗ, ಬಸ್ಸಿಗೆ ಕಾಯೂವಾಗ, ಗಿರಾಕಿ ಜೊತೆ ಜಗಳ ಆಡೂವಾಗ. ಚಿಲ್ಲರೆ ಕೊಡೂವಾಗ ತಪ್ಪಿ ಹೆಚ್ಚು ಕೊಟ್ಟಳು ಅಂದ್ರೆ ತಿಳ್ಕಾ, ಅವಳು ಯಾವ್ದೋ ವಿಚಾರದಲ್ಲಿ ಇದ್ದಾಳೆ."

ವಿಜೇತಾ ಪುಸ್ತಕ ತೆಗೆದು ಬರೆದುಕೊಂಡಳು. ಆಮೇಲೆ ತಲೆ ಕೆರೆಯುತ್ತ, ಕತೆಯ ಕೊನೆ ತನಗೆ ಇನ್ನೂ ಹೊಳೆದಿಲ್ಲ ಎಂದಳು. ಇಟ್ಟುಕೊಳ್ಳಲಿ ಎಂದರೆ ಹಳೇ ಸಿನೆಮಾ ಆಗುತ್ತದೆ, ಬೇಡ ಎನ್ನಲಿ ಎಂದರೆ ನೋಡಿದವರು ಬಯ್ಯುತ್ತಾರೆ. "ನಿಮ್ಗೆ ಏನನಿಸ್ತದೆ? ಆ ಹೆಂಗಸಿಗೆ ಬೇಕಾ, ಬೇಡ್ವಾ?"

"ಆ ಹೆಂಗಸನ್ನೇ ಕೇಳು," ಎಂದು ಗೋದಾವರಿ ಬಂಗಡೆಯ ತಲೆ ಕತ್ತರಿಸಿದಳು.

ಗೋದಾವರಿಯನ್ನೇ ಕೇಳಿದ್ದರೂ ಬೇಕೋ ಬೇಡವೋ ಅವಳಿಗೇ ಗೊತ್ತಿರಲಿಲ್ಲ. ಸಿಟ್ಟಿತ್ತು, ಅದು ನಿಜ. ಬೇಡಿಕೊಂಡಾಗ ಕೊಡದ ದೇವರು, ಹರಕೆ ಹೊತ್ತು ಉಪವಾಸ ಬಿದ್ದಾಗ ಕಣ್ಣು ಬಿಡದ ದೇವರು, ಈಗ ಮೊಣಕಾಲು ನೋಯುವ ಹೊತ್ತಿಗೆ, ಕೇಳದೆ ತಂದು ಕೊಡುತ್ತಾನೆ! ಅಂಕೋಲೆಯ ಮೀನು ಪೇಟೆಯಲ್ಲಿ ಅವಳ ಜಾಗ ಅವಳದ್ದು, ಮಾತು ಅವಳದ್ದು, ಅತ್ತೆ ತೀರಿಕೊಂಡ ಮೇಲೆ ಸಂಜೆ ಬಂದರೆ ಮನೆಯಲ್ಲಿ ಇಬ್ಬರೇ, ಬೇಕೆಂದಾಗ ಉಣ್ಣುವುದು, ಬೇಕೆಂದಾಗ ಮಲಗುವುದು. ಈ ಬದುಕನ್ನು ಅವಳು ಅತ್ತು ಅತ್ತು, ಆಮೇಲೆ ನಕ್ಕು ನಕ್ಕು, ತಾನೇ ಕಟ್ಟಿಕೊಂಡಿದ್ದಳು. ಕೂಸು ಹತ್ತನೇ ತರಗತಿಗೆ ಬರುವಾಗ ಅವಳಿಗೆ ಐವತ್ತೇಳು. ದವಾಖಾನೆಗೆ ಬೇಗ ಹೋದರೆ ಗುಳಿಗೆಯಲ್ಲೇ ಮುಗಿಯುತ್ತದೆ ಎಂದು ಪೇಟೆಯ ಹೆಂಗಸರು ಮಾತಾಡಿದ್ದನ್ನೂ ಕೇಳಿದ್ದಳು. ಯಾರಿಗೂ ತಿಳಿಯದ ಹಾಗೆ ಹೋಗಿ ಮುಗಿಸಿಕೊಂಡು ಬಂದರೆ ಕುಪ್ಪನಿಗೆ ಹೇಳುವ ಕಷ್ಟವೂ ಇಲ್ಲ. ಹಾಗೆಂದು ನಿಶ್ಚಯ ಮಾಡಿದ್ದೂ ಆಯಿತು. ಮಾಡಿದ ಮರುಗಳಿಗೆಗೆ ಎಡಗೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು, ಮೀನಿನ ಸಿಪ್ಪೆ ಮೆತ್ತಿದ ಕೈ. ಛೀ ಎಂದು ಅದನ್ನು ತೆಗೆದಳು.

ಮೂರನೇ ದಿನ ಗಂಡನಿಗೆ ಹೇಳುವ ದೃಶ್ಯ. ಗಂಡನ ಪಾತ್ರದ ನಿತೇಶ ಕಾರವಾರದ ಬ್ಯಾಂಕಿನವನು, ರಜೆ ಸಿಗದೆ ಮಧ್ಯಾಹ್ನ ಬರುತ್ತೇನೆಂದು ಫೋನು ಮಾಡಿದ್ದ. ಭವ್ಯಾಳಿಗೆ ಮಾತೇ ಕೂಡಿಬರುತ್ತಿರಲಿಲ್ಲ. ಹೇಗೆ ಹೇಳಿದರೂ ಪಾಠ ಒಪ್ಪಿಸಿದ ಹಾಗೆ ಆಗುತ್ತಿತ್ತು. ಅಂದು ಬೋಟು ಹೋಗದೆ ಕುಪ್ಪ ಮನೆಯಲ್ಲೇ ಇದ್ದ, ಅಂಗಳದ ಮೂಲೆಯಲ್ಲಿ ಹರಿದ ಬಲೆ ಹೊಲಿಯುತ್ತಿದ್ದ. ಸಣ್ಣ ಮೈಯ, ಮಾತು ಕಡಿಮೆಯ ಮನುಷ್ಯ. ವಿಜೇತಾಳಿಗೆ ಒಂದು ಉಪಾಯ ಹೊಳೆಯಿತು.

"ಗೋದಕ್ಕಾ, ನೀವೇ ಒಮ್ಮೆ ಹೇಳಿ ತೋರ್ಸಿ. ಭವ್ಯಾ ನೋಡ್ಕೊಳ್ಳಲಿ. ಕುಪ್ಪಣ್ಣಾ, ನೀವು ಗಂಡ. ಅಕ್ಕ ಹೇಳಿದ್ದನ್ನ ಕೇಳಿ, ಏನೂ ಮಾತಾಡ್ದೆ ಎದ್ದು ಹೋಗ್ಬೇಕು. ಅಷ್ಟೇ ನಿಮ್ಮ ಕೆಲಸ."

"ಗಂಡ ಆಗೂಕೆ ನಂಗೆ ಕಲಿಸ್ಬೇಕಾಗಿಲ್ಲ," ಎಂದು ಕುಪ್ಪ ನಕ್ಕ.

ಎರಡು ದಿನದಿಂದ ಗೋದಾವರಿಗೆ ಗಂಡನೆದುರು ಆಡಲಾಗದೆ ಉಳಿದಿದ್ದ ಮಾತು ಅದು. ಈಗ ಹೇಳಬಹುದು. ಅವನ ಮುಖ ಕೆಟ್ಟರೆ, ಅಯ್ಯೋ, ಸಿನೆಮಾದ್ದು ಮಾರಾಯ್ರೇ ಎಂದು ನಕ್ಕುಬಿಡಬಹುದು. ಅವನ ಮನಸ್ಸಿನಲ್ಲಿರುವುದು ತಿಳಿಯುತ್ತದೆ, ತನ್ನದು ಹೊರಗೆ ಬೀಳುವುದಿಲ್ಲ. ಮೀನು ಪೇಟೆಯಲ್ಲಿ ಇಪ್ಪತ್ತು ವರ್ಷ ಕೂತವಳಿಗೆ ಇಷ್ಟು ಲೆಕ್ಕಾಚಾರ ಬರದೆ ಇರುತ್ತದೆಯೇ?

ಅವಳು ಹೋಗಿ ಅವನೆದುರು ಕುಕ್ಕರುಗಾಲಲ್ಲಿ ಕೂತು, ಬಲೆಯ ಇನ್ನೊಂದು ತುದಿಯನ್ನು ಎತ್ತಿಕೊಂಡು ಗಂಟು ಬಿಡಿಸತೊಡಗಿದಳು. ಅವನ ಮುಖ ನೋಡಲಿಲ್ಲ.

"ಇಲ್ಕೇಳಿ. ನಂಗೆ ಮುಟ್ಟು ನಿಂತು ಎರಡು ತಿಂಗಳು ಮೇಲಾಯ್ತು. ಮುದುಕಿ ಆದೆ ಅಂದ್ಕಂಡಿದ್ದೆ. ಅಲ್ಲ. ಹೊಟ್ಟೇಲಿ ಅದೆ."

ವಿಜೇತಾ ಬರೆದ ಮಾತು ಅಲ್ಲಿಗೆ ಮುಗಿದಿತ್ತು. ಗೋದಾವರಿಯದ್ದು ಮುಗಿದಿರಲಿಲ್ಲ. "ನಾ ಎಲ್ಲೂ ತಪ್ಪಿ ನಡದವಳಲ್ಲ. ಯಾರು ಎಂತ ಹೇಳಿದ್ರೂ, ಯಾವ ಕಾಗದ ಎಂತ ಹೇಳಿದ್ರೂ, ಇದು ನಿಮ್ದೇ."

ಭವ್ಯಾ ಕಣ್ಣು ಬಿಟ್ಟು ನೋಡುತ್ತಿದ್ದಳು. ಕುಪ್ಪನ ಕೈಯಲ್ಲಿದ್ದ ಬಲೆಯ ಸೂಜಿ ನಿಂತಿತು. ಅವನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಹೆಂಡತಿಯ ಬಗ್ಗಿದ ತಲೆಯನ್ನೇ ನೋಡಿದ. ಬಿಡಿಸುವ ಬದಲು ಅವಳ ಬೆರಳುಗಳು ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದುದನ್ನೂ ನೋಡಿದ. ಆಮೇಲೆ ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದ.

"ಸಿನೆಮಾದ್ದೋ, ನಿಂದೋ?"

ನಕ್ಕುಬಿಡುವ ದಾರಿ ತೆರೆದೇ ಇತ್ತು. ಗೋದಾವರಿಗೆ ನಗು ಬರಲಿಲ್ಲ. "ನಂದು," ಎಂದಳು.

ಮಾತು ಕೇಳಿಸದಿದ್ದರೂ ವಿಜೇತಾಳಿಗೆ ಅರ್ಥವಾಯಿತು. ಮೊದಲ ದಿನದ ಪಟ್ಟಿ ನೆನಪಾಗಿ ಕೆನ್ನೆಗೆ ಕೈ ಹೋಯಿತು. ಚಹಾ ಕುಡಿದು ಬರೋಣ ಏಳಿ ಎಂದು ಕುಮಾರನನ್ನೂ ಭವ್ಯಾಳನ್ನೂ ಎಬ್ಬಿಸಿಕೊಂಡು ಹೆದ್ದಾರಿಯ ಕಡೆಗೆ ನಡೆದುಬಿಟ್ಟಳು.

ಕುಪ್ಪನ ಕಣ್ಣು ತುಂಬಿ ಬಂದಿತ್ತು. "ಖರೇಯಾ ಗೋದಾ? ಈಗ? ನಮಗಾ?" ಎಂದವನು ಚಿಕ್ಕ ಮಗುವಿನ ಹಾಗೆ ತೋಳಿನಿಂದ ಮೂಗು ಒರೆಸಿಕೊಂಡ. ಅನುಮಾನ ಎಂಬುದು ಆ ಮುಖದ ಮೇಲೆ ಎಳ್ಳಷ್ಟೂ ಇರಲಿಲ್ಲ. ಅವಳು ಏನೇನೋ ಉತ್ತರ ಸಿದ್ಧಮಾಡಿಕೊಂಡಿದ್ದಳು. ಅವನ್ನು ಕೇಳುವವರೇ ಇಲ್ಲ! ಗೋದಾವರಿಗೆ ಹೋದ ಜೀವ ಬಂದ ಹಾಗಾಯಿತು. ಅದರ ಹಿಂದೆಯೇ ಒಂದು ಪ್ರಶ್ನೆಯೂ ಬಂತು.

"ಮತ್ತೆ ಆ ರಿಪೋರ್ಟು? ಊಣ ನಿಮ್ದು ಅಂತ ಬರದಿತ್ತಲ್ಲ? ನಿಮ್ಗೆ ಒಂದು ಮಾತು ಕೇಳ್ಬೇಕು ಅಂತ್ಲೂ ಅನಿಸ್ಲಿಲ್ವಾ?"

ಕುಪ್ಪ ಸೂಜಿಗೆ ದಾರ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ರಿಪೋರ್ಟು ನಾ ತಂದೇ ಇಲ್ಲೆ ಗೋದಾ."

"ಹಾಂ?"

"ದವಾಖಾನಿಗೆ ಹೋದೆ. ಬೆಂಚಿನ ಮೇಲೆ ಕೂತೆ. ಹೆಸರು ಕರದ್ರು. ಏಳೂಕೇ ಆಗ್ಲಿಲ್ಲ. ಕಾಗದದಲ್ಲಿ ನಿನ್ನ ಹೆಸರು ಬಂದ್ರೆ ಅವ್ವ ಎಂಟು ದಿನದೊಳಗೆ ಇನ್ನೊಬ್ಬಳನ್ನ ತಂದು ಹೊಸಿಲು ದಾಟಸ್ತಿದ್ಲು. ಎರಡನೇ ಸಲನೂ ಕರದ್ರು. ಎದ್ದು ಬಸ್ ಸ್ಟ್ಯಾಂಡಿಗೆ ಬಂದ್ಬಿಟ್ಟೆ. ಯಾರದ್ದು ಅಂತ ಗೊತ್ತೇ ಆಗೂದು ಬೇಡ, ನಂದು ಅಂತ್ಲೇ ಇರಲಿ ಅಂದ್ಕಂಡೆ. ಜನ ನಾಲ್ಕು ದಿನ ನಗಾಡ್ತಾರೆ. ಅದ್ರಲ್ಲಿ ನಂಗೆ ಹೋಗೂದೆಂತ?"

ಗೋದಾವರಿ ಅವನನ್ನೇ ನೋಡಿದಳು. ಇಂಥ ಗಂಡಸು ಎಲ್ಲಿ ಸಿಗುತ್ತಾನೆ ಎಂದು ಹೊಟ್ಟೆಯೊಳಗಿಂದ ಅಕ್ಕರೆ ಉಕ್ಕಿತು. ಬೇರೆ ಹೆಂಗಸಾಗಿದ್ದರೆ ಅಲ್ಲೇ ಅವನ ಕಾಲಿಗೆ ಬೀಳುತ್ತಿದ್ದಳೋ ಏನೋ. ಗೋದಾವರಿಗೆ ಆ ಅಕ್ಕರೆಯ ಬೆನ್ನಿಗೇ ಕೆಂಡದಂಥ ಸಿಟ್ಟು ಎದ್ದುಬಂತು. ನೀವು ಎನ್ನುತ್ತಿದ್ದ ಬಾಯಿ ಅದನ್ನು ಮರೆತೇಬಿಟ್ಟಿತು.

"ಹದಿನಾಲ್ಕು ವರ್ಷ! ಹದಿನಾಲ್ಕು ವರ್ಷ ಹೊಟ್ಟೇಲಿಟ್ಕಂಡು ಕೂತ್ಯಲ್ಲ ನೀನು? ಕುಮಟೆ ಡಾಕ್ಟ್ರಮ್ಮ ಗಂಡನ್ನ ಕರ್ಕಂಡು ಬಾ, ಔಷಧ ಕೊಡ್ತೆ ಅಂದಿದ್ಲು. ನಾ ಹೋಗ್ಲಿಲ್ಲ. ಯಾಕೆ? ನಿನ್ನ ಊಣ ಮತ್ತೊಬ್ರ ಮುಂದೆ ಬಿಚ್ಚೂದು ಬೇಡ ಅಂತ! ನಿನ್ಗೆ ನೋವಾಗ್ತದೆ ಅಂತ ತೊಟ್ಲು ಕಂಡ್ರೂ ನಿನ್ನೆದುರು ಕಣ್ಣೀರು ಹಾಕ್ಲಿಲ್ಲ ನಾನು. ನನ್ನ ಮಾನ ಕಾಯೂಕೆ ನೀ ಸುಳ್ಳು ಹೇಳ್ದೆ, ನಿನ್ನ ಮಾನ ಕಾಯೂಕೆ ನಾ ಬಾಯಿ ಮುಚ್ಕಂಡೆ. ಇಬ್ರೂ ಸೇರಿ ಎಂತ ಕಾದ್ವು, ಹೇಳು! ಎಂತ ಕಾದ್ವು?"

ಒಳ್ಳೆಯದು ಮಾಡಿದೆ ಎಂದೇ ಇಷ್ಟು ವರ್ಷ ನಂಬಿದ್ದ ಕುಪ್ಪ, ಮೊದಲ ಸಲ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಗೋದಾವರಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಗದೆ ಹೋದ ಮಕ್ಕಳಿಗಾಗಿ, ಔಷಧ ಕುಡಿಯದೆ ಕಳೆದ ವರ್ಷಗಳಿಗಾಗಿ, ಬಂದರದಲ್ಲಿ ನಗೆಪಾಟಲಾಗಿ ಮನೆಗೆ ಬಂದು ಸುಮ್ಮನೆ ಉಂಡು ಮಲಗುತ್ತಿದ್ದ ಈ ಮನುಷ್ಯನಿಗಾಗಿಯೂ ಅತ್ತಳು. ಅವನು ಅವಳ ಹತ್ತಿರ ಸರಿದು ಕೂತ, ಮುಟ್ಟಲು ಮಾತ್ರ ಹೆದರಿದ.

ಆಮೇಲೆ ಅವನೇ ಮಾತು ತೆಗೆದ. ಅಷ್ಟರಲ್ಲೇ ಅವನು ಯೋಚನೆ ಮಾಡಿಕೊಂಡಾಗಿತ್ತು.

"ಊರವ್ರ ಬಗ್ಗೆ ನೀ ಹೆದರ್ಬೇಡ. ನಿಂಗೆ ಕೂಸು ಬೇಕು ಅಂತಾದ್ರೆ, ಗೋವಾದಲ್ಲಿ ಗುಟ್ಟಾಗಿ ಔಷಧ ತಕಂಡೆ, ಈಗ ಗುಣ ಆಯ್ತು ಅಂತ ನಾ ಹೇಳ್ತೆ. ಬೇಡ ಅಂತಾದ್ರೆ ಅದೂ ಆಗ್ತದೆ, ಈ ವಯಸ್ಸಲ್ಲಿ ನಾನೇ ಬೇಡ ಅಂದೆ ಅಂತ ಹೇಳ್ತೆ. ನಿನ್ನ ಮೇಲೆ ಒಂದು ಮಾತು ಬರೂಕೆ ಬಿಡೂದಿಲ್ಲ. ಎಲ್ಲಾ ನನ್ನ ಮೇಲೇ..."

"ಸಾಕು!" ಗೋದಾವರಿ ಅವನ ಬಾಯಿಯ ಮೇಲೆ ಕೈಯಿಟ್ಟಳು. "ಇನ್ನು ನನ್ನ ಪರವಾಗಿ ಒಂದೇ ಒಂದು ಸುಳ್ಳು ಹೇಳಿದ್ಯೋ, ನೋಡು."

ಕೈಯ ಹಿಂದಿನಿಂದ ಅವನು ಕೇಳಿದ. "ಮತ್ತೆ ಎಂತ ಹೇಳೂದು ನಾ?"

"ಗೋದಾವರಿಗೆ ಬೇಕಂತೆ ಅಂತ ಹೇಳು," ಎಂದಳು.

ತನಗೆ ಬೇಕು ಎಂಬುದು ಅವಳಿಗೂ ಗೊತ್ತಾದದ್ದು ಆಗಲೇ.